ಹಿಡಿದ ಹಿಂಚಕ್ರವನ್ನು ಬಿಡಿಸುವ ಬಗೆ: ಹಳೆಯ ಕಾರಿನ ಡ್ರಮ್ ಬ್ರೇಕ್ ತೊಂದರೆಗಳು

ಆಟಿ ತಿಂಗಳ ಮಳೆಯಲ್ಲಿ ನಾಲ್ಕೈದು ದಿನ ಅಂಗಳದಲ್ಲೇ ನಿಂತಿದ್ದ ಹಳೆಯ ಕಾರನ್ನು ಬೆಳಿಗ್ಗೆ ಹೊರಡಿಸಲು ಹೋದಾಗ ಎಂಜಿನ್ ಸ್ಟಾರ್ಟ್ ಆಗುತ್ತದೆ, ಗೇರೂ ಬೀಳುತ್ತದೆ, ಹ್ಯಾಂಡ್‌ಬ್ರೇಕ್ ಪೂರ್ತಿ ಕೆಳಗಿರುತ್ತದೆ. ಆದರೆ ಕಾರಿನ ಹಿಂಭಾಗ ನೆಲಕ್ಕೆ ಕಚ್ಚಿಕೊಂಡಂತೆ ನಿಂತುಬಿಡುತ್ತದೆ. ಮಂಗಳೂರು, ಉಡುಪಿಯ ಸುತ್ತಮುತ್ತ ಹಳೆಯ ಕಾರು ಇಟ್ಟುಕೊಂಡವರಿಗೆ ಇದು ಹೊಸ ಅನುಭವವಲ್ಲ. ಅಂಬಾಸಿಡರ್, ಪ್ರೀಮಿಯರ್ ಪದ್ಮಿನಿಗಳಿಂದ ಮಾರುತಿ 800, ಓಮ್ನಿಗಳವರೆಗೆ, ನಮ್ಮ ರಸ್ತೆಗಳಲ್ಲಿ ದಶಕಗಳ ಕಾಲ ಓಡಿದ ಕಾರುಗಳ ಹಿಂದಿನ ಚಕ್ರಗಳಲ್ಲಿ ಇರುವುದು ಡ್ರಮ್ ಬ್ರೇಕೇ. ಚಕ್ರದೊಂದಿಗೆ ತಿರುಗುವ ಡ್ರಮ್ ಎಂಬ ಬಟ್ಟಲಿನ ಒಳಮೈಗೆ ಶೂ ಎಂಬ ಎರಡು ಬಾಗಿದ ತುಂಡುಗಳನ್ನು ಒತ್ತಿ ಚಕ್ರ ನಿಲ್ಲಿಸುವ ಬ್ರೇಕ್ ಇದು; ಪೆಡಲ್ ಒತ್ತಿದಾಗ ದ್ರವದ ಒತ್ತಡದಿಂದ ವೀಲ್ ಸಿಲಿಂಡರ್, ಹ್ಯಾಂಡ್‌ಬ್ರೇಕ್ ಎಳೆದಾಗ ಕೇಬಲ್ ಆ ಶೂಗಳನ್ನು ತಳ್ಳುತ್ತವೆ. ಅದರ ಒಳಗಿನ ಭಾಗಗಳು ಬಹುಪಾಲು ಉಕ್ಕು ಮತ್ತು ಎರಕದ ಕಬ್ಬಿಣದವು. ವರ್ಷಕ್ಕೆ 3500 ಮಿ.ಮೀ. ಆಸುಪಾಸು ಮಳೆ ಸುರಿಯುವ, ಉಳಿದ ತಿಂಗಳುಗಳಲ್ಲಿ ಉಪ್ಪುಗಾಳಿ ಬೀಸುವ ಊರಿನಲ್ಲಿ ಅವು ಘಟ್ಟದ ಮೇಲಿನ ಊರುಗಳಿಗಿಂತ ಬೇಗ ತುಕ್ಕು ಹಿಡಿಯುತ್ತವೆ. ಮಲ್ಪೆ, ಉಳ್ಳಾಲ, ಪಣಂಬೂರಿನಂಥ ಕಡಲ ಬದಿಯಲ್ಲಿ ಮನೆಯಿರುವವರು, ಮೀನಿನ ಲಾರಿಗಳಿಂದ ಸೋರಿದ ಉಪ್ಪುನೀರಿನ ಮೇಲೆ ದಿನವೂ ಹೆದ್ದಾರಿ 66ರಲ್ಲಿ ಓಡಾಡುವವರು ಇನ್ನಷ್ಟು ಎಚ್ಚರದಿಂದ ಇರಬೇಕಾಗುತ್ತದೆ.

ಬ್ರೇಕ್ ಚೆನ್ನಾಗಿ ಹಿಡಿಯುತ್ತದೆಯೇ ಎಂದು ಎಲ್ಲರೂ ನೋಡುತ್ತಾರೆ. ಕಾಲು ತೆಗೆದ ಮೇಲೆ ಚೆನ್ನಾಗಿ ಬಿಡುತ್ತದೆಯೇ ಎಂದು ನೋಡುವವರು ಕಡಿಮೆ. ಚಕ್ರ ಎಳೆದಂತಾಗುವ ತೊಂದರೆಗಳಲ್ಲಿ ಹೆಚ್ಚಿನವು ಬಿಡದಿರುವ ತೊಂದರೆಗಳೇ ಆಗಿರುವುದರಿಂದ, ಹಿಡಿದ ಶೂ ಹಿಂದಕ್ಕೆ ಸರಿಯದಂತೆ ತಡೆದಿರುವುದು ಯಾವುದು ಎಂಬ ಒಂದೇ ಪ್ರಶ್ನೆಯನ್ನು ಇಟ್ಟುಕೊಂಡು ಹುಡುಕಬೇಕು. ಅದು ತಿಳಿಯುವ ಮೊದಲೇ ಶೂ, ಸಿಲಿಂಡರ್, ಕೇಬಲ್ ಎಲ್ಲವನ್ನೂ ಬದಲಿಸಿದರೆ ಹಣವೂ ಹೋಗುತ್ತದೆ, ಎಷ್ಟೋ ಸಲ ದೋಷವೂ ಇದ್ದಲ್ಲಿಯೇ ಉಳಿಯುತ್ತದೆ.

ಬೆಳಿಗ್ಗೆ ಅಂಟಿಕೊಂಡ ಚಕ್ರ

ಒದ್ದೆಯಾದ ಡ್ರಮ್ಮಿಗೆ ಒದ್ದೆಯಾದ ಶೂವನ್ನು ಹ್ಯಾಂಡ್‌ಬ್ರೇಕ್ ಒತ್ತಿ ಹಿಡಿದಿದ್ದರೆ ಎರಡರ ನಡುವೆ ತುಕ್ಕು ಬೆಳೆದು ಅಂಟಿನಂತೆ ಕೂರುತ್ತದೆ. ಹೀಗಾದಾಗ ಆಕ್ಸಿಲರೇಟರ್ ಒತ್ತಿ ಬಲವಂತವಾಗಿ ಎಳೆಯಬಾರದು. ಹಾಗೆ ಮಾಡಿದರೆ ಲೈನರ್, ಅಂದರೆ ಉಜ್ಜಿ ಹಿಡಿಯುವ ಪದರ, ಶೂವಿನಿಂದ ಕಿತ್ತುಬಂದು ಡ್ರಮ್ಮಿನೊಳಗೆ ಸಿಕ್ಕಿಕೊಳ್ಳಬಹುದು, ಆಗ ಚಕ್ರ ನಿಜವಾಗಿಯೂ ಬಿಗಿದುಬಿಡುತ್ತದೆ. ಮೊದಲು ಹ್ಯಾಂಡ್‌ಬ್ರೇಕನ್ನು ಎರಡು ಮೂರು ಸಲ ಎಳೆದು ಇಳಿಸಿ, ಮೊದಲ ಗೇರ್ ಮತ್ತು ರಿವರ್ಸ್ ಗೇರಿನಲ್ಲಿ ಕ್ಲಚ್ಚನ್ನು ಮೆಲ್ಲನೆ ಬಿಡುತ್ತ ಕಾರನ್ನು ಹಿಂದೆ ಮುಂದೆ ತೂಗಿ ನೋಡಬೇಕು. ‘ಟಕ್’ ಎಂಬ ಸದ್ದಿನೊಂದಿಗೆ ಬಿಟ್ಟುಕೊಂಡರೆ ಬಹುತೇಕ ಮೇಲ್ಮೈ ತುಕ್ಕಿನಷ್ಟೇ ತೊಂದರೆ. ಬಿಡದಿದ್ದರೆ ಚಕ್ರ ಕಳಚಿ, ಸ್ಟಡ್‌ಗಳ ನಡುವಿನ ಡ್ರಮ್ಮಿನ ಮುಖದ ಮೇಲೆ ಮರದ ತುಂಡನ್ನಿಟ್ಟು ಸುತ್ತಿಗೆಯಿಂದ ಸುತ್ತಲೂ ತಟ್ಟಬೇಕು. ಡ್ರಮ್ಮಿನ ಅಂಚಿಗೆ ನೇರವಾಗಿ ಹೊಡೆದರೆ ಎರಕ ಚಕ್ಕೆ ಏಳುತ್ತದೆ.

ಹಾಗೆಂದು ಒಮ್ಮೆ ಬಿಟ್ಟುಕೊಂಡ ಚಕ್ರವನ್ನು ಮರೆತುಬಿಡಬಾರದು. ಹಿಂದೊಮ್ಮೆ ನಮ್ಮ ಮನೆಯ ಕಾರು ಹೀಗೆ ಮೂರು ಸಲ ಅಂಟಿಕೊಂಡಾಗ, ತೋರಿಸಿದ ಗ್ಯಾರೇಜಿನಲ್ಲಿ ಹ್ಯಾಂಡ್‌ಬ್ರೇಕ್ ಕೇಬಲನ್ನು ಸಡಿಲಿಸಿ ಕೊಟ್ಟರು. ಎಳೆತ ನಿಂತಿತು, ನಾವೂ ಸಮಾಧಾನಪಟ್ಟೆವು. ಎರಡು ವಾರಗಳ ಬಳಿಕ ಮಣಿಪಾಲದ ಏರಿನಲ್ಲಿ ನಿಲ್ಲಿಸಿದಾಗ ಹ್ಯಾಂಡ್‌ಬ್ರೇಕ್ ತುದಿಯವರೆಗೆ ಬಂದರೂ ಕಾರು ಹಿಂದಕ್ಕೆ ಜಾರತೊಡಗಿತು. ಕೇಬಲಿನ ಕವಚದ ಒಳಗೆ ತುಕ್ಕು ಹಿಡಿದು ಒಂದು ಬದಿ ಹಿಂದಿರುಗುತ್ತಿರಲಿಲ್ಲ. ಸಡಿಲಿಸಿದ್ದರಿಂದ ದೋಷ ಮರೆಯಾಗಿ, ಅದರ ಬದಲಿಗೆ ಬ್ರೇಕ್ ಹಿಡಿಯುವುದೇ ನಿಂತಿತ್ತು. ಅಂದಿನಿಂದ, ಕಾರಣ ತಿಳಿಯುವವರೆಗೆ ಕೇಬಲಿನ ನಟ್ಟನ್ನು ಮುಟ್ಟಬಾರದು ಎಂದು ನಾನು ಎಲ್ಲರಿಗೂ ಹೇಳುತ್ತೇನೆ.

ಓಡುವಾಗ ಎಳೆಯುವ ಚಕ್ರವನ್ನು ಗುರುತಿಸುವುದು

ಸಮತಟ್ಟಾದ ರಸ್ತೆಯಲ್ಲಿ ನ್ಯೂಟ್ರಲ್‌ಗೆ ಹಾಕಿದಾಗ ಕಾರು ಮೊದಲಿಗಿಂತ ಬೇಗ ನಿಲ್ಲುವುದು, ಪೆಟ್ರೋಲ್ ಹೆಚ್ಚು ಹೀರುವುದು, ಹಿಂಬದಿಯಿಂದ ಸುಟ್ಟ ವಾಸನೆ ಬರುವುದು ಇದರ ಲಕ್ಷಣಗಳು. ಖಚಿತವಾಗಿ ತಿಳಿಯಲು ಐದಾರು ಕಿಲೋಮೀಟರ್ ದೂರವನ್ನು ಬ್ರೇಕ್ ಆದಷ್ಟು ಕಡಿಮೆ ಬಳಸಿ ಓಡಿಸಿ, ಗೇರ್ ಇಳಿಸುತ್ತ ವೇಗ ತಗ್ಗಿಸಿ ನಿಲ್ಲಿಸಬೇಕು. ಬಳಿಕ ಎರಡೂ ಹಿಂಚಕ್ರಗಳ ನಡುಭಾಗಕ್ಕೆ ಅಂಗೈಯನ್ನು ಸಮೀಪ ಹಿಡಿದು ಬಿಸಿಯನ್ನು ಹೋಲಿಸಬೇಕು. ಎಳೆಯುತ್ತಿರುವ ಡ್ರಮ್ ಕೈ ಸುಡುವಷ್ಟು ಕಾದಿರಬಹುದಾದ್ದರಿಂದ ನೇರವಾಗಿ ಮುಟ್ಟಬಾರದು. ಒಂದು ಬದಿ ಮಾತ್ರ ಬಿಸಿಯಾಗಿದ್ದರೆ ದೋಷ ಆ ಚಕ್ರದಲ್ಲಿ ಅಥವಾ ಅದಕ್ಕೆ ಹೋಗುವ ಕೇಬಲಿನಲ್ಲಿ ಇರುವ ಸಾಧ್ಯತೆ ಹೆಚ್ಚು. ಎರಡೂ ಸಮನಾಗಿ ಬಿಸಿಯಾಗಿದ್ದರೆ ಹ್ಯಾಂಡ್‌ಬ್ರೇಕ್ ಲಿವರ್, ಹಿಂದಿನ ಆ್ಯಕ್ಸಲ್‌ಗೆ ಬರುವ ರಬ್ಬರ್ ಹೋಸ್ ಅಥವಾ ಪೆಡಲ್ ಒತ್ತಿದಾಗ ಬ್ರೇಕ್ ದ್ರವವನ್ನು ಪೈಪುಗಳಿಗೆ ತಳ್ಳುವ ಮಾಸ್ಟರ್ ಸಿಲಿಂಡರ್ ಕಡೆ ನೋಡಬೇಕಾಗುತ್ತದೆ. ನಾಲ್ಕೂ ಚಕ್ರಗಳು ಬಿಸಿಯಾಗಿದ್ದರೆ ಮಾಸ್ಟರ್ ಸಿಲಿಂಡರನ್ನೇ ಮೊದಲು ಶಂಕಿಸಬೇಕು.

ಇಲ್ಲಿಂದ ಮುಂದಿನ ಕೆಲಸಕ್ಕೆ ಕಾರನ್ನು ಎತ್ತಬೇಕು. ಮುಂದಿನ ಚಕ್ರಗಳಿಗೆ ಎರಡೂ ಕಡೆ ಗಟ್ಟಿಯಾದ ಅಡ್ಡೆ ಕೊಟ್ಟು, ಸಿಮೆಂಟಿನಂಥ ಗಟ್ಟಿ ನೆಲದ ಮೇಲೆ ಜ್ಯಾಕ್ ಇಟ್ಟು, ಎತ್ತಿದ ಕೂಡಲೇ ಉಕ್ಕಿನ ಸ್ಟ್ಯಾಂಡ್ ಮೇಲೆ ಕಾರನ್ನು ಕೂರಿಸಬೇಕು. ನಮ್ಮಲ್ಲಿ ಅಂಗಳದ ಮೂಲೆಯಲ್ಲಿ ಬಿದ್ದಿರುವ ಕೆಂಪುಕಲ್ಲುಗಳನ್ನು ಪೇರಿಸಿ ಆಧಾರ ಕೊಡುವ ರೂಢಿಯುಂಟು. ಕೆಂಪುಕಲ್ಲು ಗೋಡೆಯಲ್ಲಿ ಸಮವಾಗಿ ಹರಡಿದ ಭಾರವನ್ನು ಹೊರುತ್ತದೆ. ಒಂದೇ ಬಿಂದುವಿನ ಮೇಲೆ ಕಾರಿನ ಭಾರ ಬಿದ್ದರೆ, ಅದರಲ್ಲೂ ನೀರು ಕುಡಿದು ಮೆತ್ತಗಾದ ಮಳೆಗಾಲದಲ್ಲಿ, ಮುನ್ಸೂಚನೆ ಇಲ್ಲದೆ ಪುಡಿಯಾಗಬಲ್ಲದು. ಅದರ ಭರವಸೆಯಲ್ಲಿ ಯಾರೂ ಕಾರಿನ ಕೆಳಗೆ ಕೈಯಾಗಲಿ ತಲೆಯಾಗಲಿ ಹಾಕಬಾರದು.

ನಿಪ್ಪಲ್ ಸಡಿಲಿಸಿ ನೋಡುವ ಪರೀಕ್ಷೆ

ಚಕ್ರ ಎಳೆಯಲು ಎರಡೇ ಬಗೆಯ ಕಾರಣಗಳಿವೆ: ಒಂದೋ ಬ್ರೇಕ್ ಪೈಪಿನಲ್ಲಿ ಒತ್ತಡ ಉಳಿದುಕೊಂಡಿದೆ, ಇಲ್ಲವೇ ಕೇಬಲ್, ಸ್ಪ್ರಿಂಗ್, ಶೂಗಳಲ್ಲಿ ಯಾವುದೋ ಒಂದು ಸಿಕ್ಕಿಕೊಂಡಿದೆ. ಇವೆರಡನ್ನು ಬೇರ್ಪಡಿಸುವ ಪರೀಕ್ಷೆಯನ್ನು ಡ್ರಮ್ ಬಿಚ್ಚುವ ಮೊದಲೇ ಮಾಡಬೇಕು, ಏಕೆಂದರೆ ಎಲ್ಲವನ್ನೂ ಬಿಚ್ಚಿದ ಮೇಲೆ ಆ ಸುಳಿವು ಅಳಿಸಿಹೋಗುತ್ತದೆ.

ಚಕ್ರ ಎಳೆಯುತ್ತಿರುವಾಗಲೇ, ಅಂದರೆ ಓಡಿಸಿ ತಂದ ಕೂಡಲೇ, ಹಿಂಭಾಗವನ್ನು ಎತ್ತಿ ಹ್ಯಾಂಡ್‌ಬ್ರೇಕ್ ಇಳಿಸಿ ಚಕ್ರವನ್ನು ಕೈಯಿಂದ ತಿರುಗಿಸಿ ಬಿಗಿಯನ್ನು ಗಮನಿಸಬೇಕು. ಶೂಗಳನ್ನು ಕೂರಿಸಿದ ತಟ್ಟೆಯಾದ ಬ್ಯಾಕ್ ಪ್ಲೇಟಿನ ಹಿಂಬದಿಯಲ್ಲಿರುವ, ದ್ರವ ಮತ್ತು ಗಾಳಿಯನ್ನು ಹೊರಬಿಡುವ ಬ್ಲೀಡಿಂಗ್ ನಿಪ್ಪಲ್ಲಿಗೆ ಪಾರದರ್ಶಕ ಟ್ಯೂಬ್ ಹಾಕಿ, ರಿಂಗ್ ಸ್ಪಾನರಿನಿಂದ ಅರ್ಧ ಸುತ್ತು ಸಡಿಲಿಸಬೇಕು. ತುಕ್ಕು ಹಿಡಿದ ನಿಪ್ಪಲ್ ಮುರಿಯುವ ಅಪಾಯ ಇರುವುದರಿಂದ ಹಿಂದಿನ ರಾತ್ರಿಯೇ ತುಕ್ಕು ಬಿಡಿಸುವ ಎಣ್ಣೆಯನ್ನು ಅದರ ಬುಡಕ್ಕೆ ಹಾಕಿಟ್ಟಿರುವುದು ಒಳ್ಳೆಯದು. ಸಡಿಲಿಸಿದಾಗ ದ್ರವ ರಭಸದಿಂದ ಚಿಮ್ಮಿ ಚಕ್ರ ತಟ್ಟನೆ ಹಗುರಾದರೆ ಒತ್ತಡವೇ ಕಾರಣ. ಚಕ್ರ ಹಾಗೆಯೇ ಬಿಗಿಯಾಗಿದ್ದರೆ ತೊಂದರೆ ಡ್ರಮ್ಮಿನ ಒಳಗೆ ಅಥವಾ ಕೇಬಲಿನಲ್ಲಿದೆ. ನಾಲ್ಕೂ ಚಕ್ರಗಳಿಗೆ ಡ್ರಮ್ ಇರುವ ಕೆಲವು ಹಳೆಯ ಕಾರುಗಳಲ್ಲಿ ಸ್ವಲ್ಪ ಒತ್ತಡವನ್ನು ಉಳಿಸಿಕೊಳ್ಳುವ ಕವಾಟವೊಂದನ್ನು ಬೇಕೆಂದೇ ಇಟ್ಟಿರುತ್ತಾರೆ. ಅಲ್ಲಿ ಒಂದಿಷ್ಟು ದ್ರವ ಹೊರಬರುವುದು ದೋಷವಲ್ಲ, ಚಕ್ರ ಹಗುರಾಗುತ್ತದೆಯೇ ಎಂಬುದೇ ಮುಖ್ಯ. ಇನ್ನೊಂದು ಎಚ್ಚರಿಕೆ: ವೀಲ್ ಸಿಲಿಂಡರಿನ ಪಿಸ್ಟನ್ ತುಕ್ಕಿನಿಂದ ಕಚ್ಚಿಕೊಂಡಿದ್ದರೆ ನಿಪ್ಪಲ್ ಸಡಿಲಿಸಿದರೂ ಚಕ್ರ ಬಿಡುವುದಿಲ್ಲ.

ಒತ್ತಡವೇ ಕಾರಣ ಎಂದಾದರೆ ಅದು ಎಲ್ಲಿ ಸಿಕ್ಕಿಕೊಂಡಿದೆ ಎಂದು ಹಿಂದಕ್ಕೆ ಹುಡುಕುತ್ತ ಹೋಗಬೇಕು. ನಿಪ್ಪಲ್ ಬಿಗಿದು, ಪೆಡಲನ್ನು ಒತ್ತಿ ಚಕ್ರ ಮತ್ತೆ ಹಿಡಿಯುವಂತೆ ಮಾಡಿ, ಮಾಸ್ಟರ್ ಸಿಲಿಂಡರಿನಿಂದ ಹಿಂದಕ್ಕೆ ಹೋಗುವ ಪೈಪಿನ ಜೋಡಣೆಯನ್ನು ಸಡಿಲಿಸಬೇಕು. ಅಲ್ಲಿ ಸಡಿಲಿಸಿದಾಗ ಚಕ್ರ ಬಿಟ್ಟರೆ ದೋಷ ಮಾಸ್ಟರ್ ಸಿಲಿಂಡರಿನಲ್ಲಿ ಅಥವಾ ಅದನ್ನು ತಳ್ಳುವ ರಾಡಿನಲ್ಲಿದೆ. ಅಲ್ಲಿ ಬಿಡದೆ ನಿಪ್ಪಲ್ಲಿನಲ್ಲಿ ಮಾತ್ರ ಬಿಟ್ಟರೆ ನಡುವಿನ ರಬ್ಬರ್ ಹೋಸ್ ಒಳಗೆ ಊದಿಕೊಂಡಿದೆ ಎಂದು ತಿಳಿಯಬೇಕು. ಹೊರಗಿನಿಂದ ಚೆನ್ನಾಗಿಯೇ ಕಾಣುವ ಹೋಸ್ ಒಳಪದರ ಕಿತ್ತು ದಾರಿಯನ್ನು ಇಕ್ಕಟ್ಟು ಮಾಡಿರುತ್ತದೆ. ಕಾಲಿನ ಬಲ ದ್ರವವನ್ನು ಆಚೆ ದಾಟಿಸುತ್ತದೆ, ಆದರೆ ಶೂವಿನ ಸ್ಪ್ರಿಂಗಿಗೆ ಅದನ್ನು ಹಿಂದಕ್ಕೆ ತಳ್ಳುವಷ್ಟು ಬಲವಿರುವುದಿಲ್ಲ. ಹತ್ತು ಹದಿನೈದು ವರ್ಷ ದಾಟಿದ ಹೋಸ್‌ಗಳನ್ನು ಇಂಥ ಸಂದರ್ಭದಲ್ಲಿ ಎಲ್ಲವನ್ನೂ ಒಟ್ಟಿಗೆ ಬದಲಿಸುವುದೇ ಸರಿ ಎಂಬುದು ನನ್ನ ಅಭಿಪ್ರಾಯ.

ಮಾಸ್ಟರ್ ಸಿಲಿಂಡರಿನ ಕಡೆ ಬೆರಳು ತೋರಿದಾಗಲೂ ಅದನ್ನು ಕೂಡಲೇ ಬದಲಿಸಬೇಕಿಲ್ಲ. ಅದನ್ನು ಕಾಲಿನ ಬಲವನ್ನು ಹೆಚ್ಚಿಸುವ ಬೂಸ್ಟರಿಗೆ ಬಿಗಿದ ನಟ್ಟುಗಳನ್ನು ಎರಡು ಮೂರು ಸುತ್ತು ಸಡಿಲಿಸಿ ಸಿಲಿಂಡರನ್ನು ತುಸು ಮುಂದಕ್ಕೆ ಸರಿಸಿದಾಗ ಚಕ್ರ ಬಿಟ್ಟುಕೊಂಡರೆ, ತಳ್ಳುವ ರಾಡ್ ಉದ್ದವಾಗಿ ಪಿಸ್ಟನನ್ನು ಪೂರ್ತಿ ಹಿಂದಕ್ಕೆ ಬರಲು ಬಿಡುತ್ತಿಲ್ಲ ಎಂದರ್ಥ. ಪೆಡಲಿನ ಸ್ಪ್ರಿಂಗ್ ಮುರಿದಿದ್ದರೂ, ಪೆಡಲಿನ ಕೀಲು ತುಕ್ಕಿನಿಂದ ಬಿಗಿಯಾಗಿದ್ದರೂ, ಕೆಳಗೆ ಹಾಸಿದ ಮ್ಯಾಟ್ ಸಿಕ್ಕಿಕೊಂಡಿದ್ದರೂ ಇದೇ ಫಲ. ಪಿಸ್ಟನ್ ಪೂರ್ತಿ ಹಿಂದೆ ಬಂದಾಗ ಮಾತ್ರ ದ್ರವವು ತನ್ನನ್ನು ತುಂಬಿಟ್ಟ ಡಬ್ಬಿಗೆ ಮರಳುವ ಸೂಜಿಮೊನೆಯಷ್ಟು ಸಣ್ಣ ರಂಧ್ರ ತೆರೆದುಕೊಳ್ಳುತ್ತದೆ. ಅದು ಮುಚ್ಚಿಯೇ ಇದ್ದರೆ ಪ್ರತಿ ಸಲ ಪೆಡಲ್ ಒತ್ತಿದಾಗಲೂ ಒತ್ತಡ ಉಳಿಯುತ್ತ, ದ್ರವ ಬಿಸಿಯಾಗಿ ಹಿಗ್ಗುತ್ತ, ಕೊನೆಗೆ ಚಕ್ರಗಳು ಬಿಗಿದುಕೊಳ್ಳುತ್ತವೆ.

‘ಬ್ರೇಕ್ ಆಯಿಲ್’ ಎಣ್ಣೆಯಲ್ಲ

ನಾವೆಲ್ಲರೂ ಬ್ರೇಕ್ ಆಯಿಲ್ ಎನ್ನುವ ದ್ರವ ನಿಜವಾಗಿ ಎಣ್ಣೆಯೇ ಅಲ್ಲ. ಸಾಮಾನ್ಯವಾಗಿ ಬಳಸುವ ಡಾಟ್ 3 ಮತ್ತು ಡಾಟ್ 4 ದರ್ಜೆಯ ದ್ರವಗಳು ಗ್ಲೈಕಾಲ್ ಜಾತಿಯವು. ಹೆಸರನ್ನು ನಂಬಿ ಡಬ್ಬಿಗೆ ಎಂಜಿನ್ ಆಯಿಲ್ ಅಥವಾ ಸ್ಟಿಯರಿಂಗ್ ಆಯಿಲ್ ಸುರಿದರೆ, ಇಲ್ಲವೇ ಸಿಲಿಂಡರಿನ ವಾಷರ್‌ಗಳನ್ನು ಸೀಮೆಎಣ್ಣೆ, ಪೆಟ್ರೋಲಿನಲ್ಲಿ ತೊಳೆದರೆ ರಬ್ಬರ್ ಊದಿಕೊಂಡು ಮೇಲೆ ಹೇಳಿದ ಸಣ್ಣ ರಂಧ್ರವನ್ನು ಮುಚ್ಚುತ್ತದೆ. ಡಬ್ಬಿಯ ಮುಚ್ಚಳದ ರಬ್ಬರ್ ಅಳತೆ ಮೀರಿ ಊದಿಕೊಂಡು ಸೊಟ್ಟಗಾಗಿದ್ದರೆ ಇದೇ ಆಗಿದೆ ಎಂದು ಶಂಕಿಸಬೇಕು. ಆಗ ಪೈಪುಗಳನ್ನು ಪೂರ್ತಿ ತೊಳೆದು, ವ್ಯವಸ್ಥೆಯಲ್ಲಿರುವ ಪ್ರತಿಯೊಂದು ರಬ್ಬರ್ ಭಾಗವನ್ನೂ ಬದಲಿಸದೆ ಬೇರೆ ದಾರಿಯಿಲ್ಲ.

ಈ ದ್ರವ ಗಾಳಿಯ ತೇವವನ್ನು ಹೀರುತ್ತದೆ, ಕರಾವಳಿಯ ಗಾಳಿಯಲ್ಲಿ ತೇವಕ್ಕೆ ಕೊರತೆಯಿಲ್ಲ. ಡಾಟ್ 3 ಹೊಸದಿದ್ದಾಗ ಕನಿಷ್ಠ 205 ಡಿಗ್ರಿ ಸೆಲ್ಸಿಯಸ್‌ವರೆಗೆ ಕುದಿಯಬಾರದು. ನೀರು ಹೀರಿಕೊಂಡ ಮೇಲಿನ ಕನಿಷ್ಠ ಮಿತಿ 140 ಡಿಗ್ರಿ. ಡಾಟ್ 4ಕ್ಕೆ ಈ ಮಿತಿಗಳು 230 ಮತ್ತು 155. ಹದಿನಾಲ್ಕು ತಿರುವುಗಳ ಆಗುಂಬೆ ಘಾಟಿಯನ್ನು ಇಳಿಯುವಾಗ ಎಳೆಯುತ್ತಿರುವ ಡ್ರಮ್ಮಿನ ಬಿಸಿಗೆ ಹಳೆಯ ದ್ರವ ಕುದಿದು ಆವಿಯಾದರೆ ಪೆಡಲ್ ತಳಕ್ಕೆ ಹೋಗುತ್ತದೆ. ಹಿಡಿದ ಚಕ್ರ ಬರೀ ಇಂಧನ ನಷ್ಟದ ವಿಷಯವಲ್ಲ ಎನ್ನುವುದು ಇದಕ್ಕಾಗಿಯೇ. ಎರಡು ವರ್ಷಕ್ಕೊಮ್ಮೆ ದ್ರವ ಬದಲಿಸುವುದು, ಮುಚ್ಚಳ ತೆರೆದಿಟ್ಟ ಹಳೆಯ ಬಾಟಲಿಯನ್ನು ಬಳಸದಿರುವುದು ಇಲ್ಲಿ ಕಡ್ಡಾಯವೆಂದೇ ಭಾವಿಸಬೇಕು.

ಡ್ರಮ್ಮಿನ ಒಳಗೆ

ಡ್ರಮ್ ಕಳಚುವ ಕ್ರಮ ಕಾರಿನಿಂದ ಕಾರಿಗೆ ಬೇರೆ. ಕೆಲವುದರಲ್ಲಿ ಎರಡು ಸಣ್ಣ ಸ್ಕ್ರೂ ತೆಗೆದರೆ ಸಾಕು, ಕೆಲವುದರಲ್ಲಿ ಬೇರಿಂಗ್ ಡ್ರಮ್ಮಿನೊಳಗೇ ಇರುವುದರಿಂದ ನಡುವಿನ ದೊಡ್ಡ ನಟ್ಟನ್ನು ಬಿಚ್ಚಬೇಕಾಗುತ್ತದೆ. ಸವೆದ ಡ್ರಮ್ಮಿನ ಅಂಚಿನಲ್ಲಿ ಉಳಿದ ಏಣು ಶೂವಿಗೆ ಸಿಕ್ಕಿಕೊಂಡು ಬಾರದಿದ್ದರೆ, ಬ್ಯಾಕ್ ಪ್ಲೇಟಿನ ಸಣ್ಣ ಕಿಂಡಿಯಿಂದ ಸ್ಕ್ರೂಡ್ರೈವರ್ ತೂರಿಸಿ, ಶೂ ಮತ್ತು ಡ್ರಮ್ಮಿನ ನಡುವಿನ ಅಂತರವನ್ನು ಹೊಂದಿಸುವ ಅಡ್ಜಸ್ಟರನ್ನು ಹಿಂದಕ್ಕೆ ತಿರುಗಿಸಬೇಕು. ಒಳಗಿನ ಪುಡಿಯನ್ನು ಬಾಯಿಂದ ಊದುವುದಾಗಲಿ ಗಾಳಿ ಹೊಡೆಯುವುದಾಗಲಿ ಕೂಡದು. ಹಳೆಯ ಲೈನರ್‌ಗಳಲ್ಲಿ ಶ್ವಾಸಕೋಶಕ್ಕೆ ಮಾರಕವಾದ ಆಸ್‌ಬೆಸ್ಟಾಸ್ ಇರಬಹುದು. ನೀರು ಚಿಮುಕಿಸಿ ಒದ್ದೆ ಬಟ್ಟೆಯಿಂದ ಒರೆಸಿ ತೆಗೆಯಬೇಕು. ಒಂದು ಬದಿಯನ್ನು ಪೂರ್ತಿ ಮುಗಿಸಿದ ಮೇಲೆಯೇ ಇನ್ನೊಂದನ್ನು ಬಿಚ್ಚಿದರೆ, ಯಾವ ಸ್ಪ್ರಿಂಗ್ ಯಾವ ತೂತಿನಲ್ಲಿತ್ತು ಎಂಬ ಗೊಂದಲಕ್ಕೆ ಉತ್ತರ ಎದುರಿನ ಚಕ್ರದಲ್ಲೇ ಸಿಗುತ್ತದೆ.

ಮೊದಲು ಹ್ಯಾಂಡ್‌ಬ್ರೇಕ್ ಕೇಬಲ್ ನೋಡಬೇಕು. ಶೂವಿನ ಲಿವರಿನಿಂದ ಕೇಬಲನ್ನು ಕಳಚಿ, ಲಿವರನ್ನು ಬೆರಳಿನಿಂದ ಎಳೆದು ಬಿಟ್ಟಾಗ ಅದು ತಾನಾಗಿ ಮರಳಿದರೆ ಲಿವರ್ ಸರಿಯಿದೆ. ಇನ್ನು ಕೇಬಲನ್ನು ಕವಚದೊಳಗೆ ಹಿಂದೆ ಮುಂದೆ ಎಳೆದಾಗ ಗರಗರ ಎಂದರೆ ಅಥವಾ ನಡುವೆ ನಿಂತರೆ ಅದನ್ನು ಬದಲಿಸಬೇಕು. ಎಣ್ಣೆ ಬಿಟ್ಟರೆ ಕೆಲವು ವಾರ ನಡೆದೀತು, ಮುಂದಿನ ಮಳೆಗೆ ಮತ್ತೆ ಹಿಡಿಯುತ್ತದೆ. ಲಿವರ್ ತಿರುಗುವ ಪಿನ್ನು ಮತ್ತು ಎರಡು ಶೂಗಳ ನಡುವಿನ ಅಡ್ಡಪಟ್ಟಿ ಕೂಡ ಇದೇ ರೀತಿ ಬಿಗಿಯಾಗುತ್ತವೆ.

ಬಳಿಕ ಗಮನಿಸಬೇಕಾದದ್ದು, ಬಹಳಷ್ಟು ಮಂದಿ ನೋಡದೆ ಬಿಡುವ ಜಾಗ: ಶೂಗಳ ಅಂಚು ಒರಗಿ ಜಾರುವ ಬ್ಯಾಕ್ ಪ್ಲೇಟಿನ ಉಬ್ಬುಗಳು. ವರ್ಷಾನುಗಟ್ಟಲೆ ಉಜ್ಜಿ ಅಲ್ಲಿ ತಗ್ಗು ಬಿದ್ದಿದ್ದರೆ ಶೂ ಮುಂದಕ್ಕೆ ಹೋಗುತ್ತದೆ, ಆದರೆ ತಗ್ಗಿನ ಅಂಚಿಗೆ ಸಿಕ್ಕಿ ಹಿಂದಕ್ಕೆ ಬರುವುದಿಲ್ಲ. ಹೊಸ ಶೂ, ಹೊಸ ಸಿಲಿಂಡರ್ ಹಾಕಿದರೂ ಎಳೆತ ನಿಲ್ಲದ ಕಾರುಗಳಲ್ಲಿ ನಾನು ಮೊದಲು ಕೈಯಾಡಿಸಿ ನೋಡುವುದು ಇಲ್ಲಿಯೇ. ತಗ್ಗು ಆಳವಾಗಿಲ್ಲದಿದ್ದರೆ ಅರದಿಂದ ಉಜ್ಜಿ ನಯಗೊಳಿಸಿ, ಬಿಸಿ ತಡೆಯುವ ಗ್ರೀಸನ್ನು ತೆಳುವಾಗಿ ಸವರಬೇಕು. ಆಳವಾಗಿದ್ದರೆ ಪ್ಲೇಟನ್ನೇ ಬದಲಿಸಬೇಕು. ಗ್ರೀಸ್ ಹೆಚ್ಚಾಗಿ ಲೈನರಿಗೆ ತಾಗಿದರೆ ಬೇರೆಯದೇ ಅಪಾಯ. ಶೂಗಳನ್ನು ಹಿಂದಕ್ಕೆ ಎಳೆಯುವ ಸ್ಪ್ರಿಂಗ್‌ಗಳು ಬಿಸಿಯಿಂದ ನೀಲಿಗಟ್ಟಿದ್ದರೆ, ಸುರುಳಿಗಳ ನಡುವೆ ಬೆಳಕು ಕಾಣುವಷ್ಟು ಹಿಗ್ಗಿದ್ದರೆ ಎರಡೂ ಬದಿಯವನ್ನು ಬದಲಿಸಬೇಕು. ಅಡ್ಜಸ್ಟರಿನ ಎಳೆಗಳನ್ನು ಬ್ರಷ್ಷಿನಿಂದ ಉಜ್ಜಿ, ಕೈಯಿಂದ ಸಲೀಸಾಗಿ ತಿರುಗುವಂತೆ ಮಾಡಬೇಕು.

ವೀಲ್ ಸಿಲಿಂಡರಿನ ಎರಡೂ ತುದಿಯ ರಬ್ಬರ್ ಟೊಪ್ಪಿಗೆಯನ್ನು ಎತ್ತಿ ನೋಡಿದಾಗ ಒಳಗೆ ಒದ್ದೆಯಿದ್ದರೆ ದ್ರವ ಸೋರುತ್ತಿದೆ. ಒಣ ತುಕ್ಕಿನ ಪುಡಿಯಿದ್ದರೆ ಹೊರಗಿನ ನೀರು ಒಳಹೊಕ್ಕು ಪಿಸ್ಟನನ್ನು ಹಿಡಿದಿದೆ. ಸಿಲಿಂಡರಿನ ಗೋಡೆಯಲ್ಲಿ ತುಕ್ಕಿನ ಗುಳಿಗಳಿದ್ದರೆ ರಬ್ಬರ್ ಭಾಗಗಳ ಕಿಟ್ ಹಾಕಿ ಮತ್ತೆ ಜೋಡಿಸುವುದು ವ್ಯರ್ಥ, ಹೊಸದನ್ನೇ ಹಾಕಬೇಕು. ಡ್ರಮ್ ಇಲ್ಲದಿರುವಾಗ ಯಾರೂ ಪೆಡಲ್ ಒತ್ತದಂತೆ ನೋಡಿಕೊಳ್ಳಬೇಕು. ಒತ್ತಿದರೆ ಪಿಸ್ಟನ್‌ಗಳು ಹೊರಗೆ ಜಿಗಿಯುತ್ತವೆ.

ಮುಟ್ಟಿದೊಡನೆ ಲಾಕ್ ಆಗುವ ಚಕ್ರ

ಎಳೆಯುವುದು ಬೇರೆ, ಪೆಡಲನ್ನು ಹಗುರಾಗಿ ಮುಟ್ಟಿದೊಡನೆ ಹಿಂಚಕ್ರ ನಿಂತು ಜಾರುವುದು ಬೇರೆ. ಹಿಂದಿನ ಚಕ್ರಗಳು ಮುಂದಿನವುಗಳಿಗಿಂತ ಮೊದಲು ಲಾಕ್ ಆದರೆ ಕಾರಿನ ಹಿಂಭಾಗ ತಿರುಗಿಬಿಡುತ್ತದೆ. ಒದ್ದೆ ರಸ್ತೆಯಲ್ಲಿ ಇದು ಪ್ರಾಣಾಪಾಯದ ಮಾತು. ಮುಂದಕ್ಕೆ ಓಡುವಾಗ ಡ್ರಮ್ಮಿನ ತಿರುಗುವಿಕೆಯೇ ಎರಡು ಶೂಗಳಲ್ಲಿ ಒಂದನ್ನು ಇನ್ನಷ್ಟು ಒಳಗೆಳೆದು ಬಿಗಿಗೊಳಿಸುತ್ತದೆ. ಲೈನರಿನ ಹಿಡಿತ ಸ್ವಲ್ಪ ಏರುಪೇರಾದರೂ ಈ ಎಳೆತ ಹಲವು ಪಟ್ಟು ತೋರುತ್ತದೆ. ರಾತ್ರಿಯ ತೇವದಿಂದ ಬೆಳಿಗ್ಗೆಯ ಮೊದಲ ಒಂದೆರಡು ಬ್ರೇಕ್ ಹೀಗಾಗಿ ಬಳಿಕ ಸರಿಹೋದರೆ ಚಿಂತೆಯಿಲ್ಲ.

ದಿನವಿಡೀ ಹಾಗೆಯೇ ಇದ್ದರೆ ಲೈನರಿಗೆ ಬ್ರೇಕ್ ದ್ರವ ಅಥವಾ ಗ್ರೀಸ್ ತಾಗಿದೆಯೇ ನೋಡಬೇಕು. ಅಂಬಾಸಿಡರ್, ಓಮ್ನಿಯಂಥ ಹಿಂಚಕ್ರ ಚಾಲನೆಯ ವಾಹನಗಳಲ್ಲಿ ಆ್ಯಕ್ಸಲ್ ಸೀಲ್ ಸೋರಿ ಗೇರ್ ಆಯಿಲ್ ಡ್ರಮ್ಮಿಗೆ ಬರುತ್ತದೆ. ಸೀಲ್ ಬದಲಿಸಿದರೂ ಮತ್ತೆ ಸೋರಿದರೆ ಡಿಫರೆನ್ಷಿಯಲ್‌ನ ಗಾಳಿಕಿಂಡಿ ಕೆಸರಿನಿಂದ ಮುಚ್ಚಿದೆಯೇ, ಆಯಿಲ್ ಮಿತಿ ಮೀರಿ ತುಂಬಿದೆಯೇ ಪರೀಕ್ಷಿಸಬೇಕು. ಎಣ್ಣೆ ಕುಡಿದ ಲೈನರನ್ನು ತೊಳೆದು ಒಣಗಿಸಿ ಮತ್ತೆ ಬಳಸಬಾರದು, ಬಿಸಿಯಾದಾಗ ಎಣ್ಣೆ ಪುನಃ ಮೇಲಕ್ಕೆ ಬರುತ್ತದೆ. ಡ್ರಮ್ ಗುಂಡಗಿಲ್ಲದಿದ್ದರೆ ಲೇತಿಗೆ ಹಾಕಿಸಬಹುದು, ಆದರೆ ಅದರ ಮೇಲೆ ಎರಕದಲ್ಲಿ ಮೂಡಿಸಿದ ಗರಿಷ್ಠ ವ್ಯಾಸವನ್ನು ದಾಟಬಾರದು, ಎರಡೂ ಬದಿ ಒಂದೇ ಅಳತೆಗೆ ಬರಬೇಕು.

ಒಳಗೆ ಎಲ್ಲವೂ ಸರಿಯಿದ್ದರೆ ಮುಂದಿನ ಬ್ರೇಕುಗಳನ್ನು ನೋಡಬೇಕು. ಮುಂದೆ ಡಿಸ್ಕ್ ಬ್ರೇಕ್ ಇದ್ದು, ಡಿಸ್ಕನ್ನು ಹಿಡಿಯುವ ಕ್ಯಾಲಿಪರ್ ಕಚ್ಚಿಕೊಂಡು ದುರ್ಬಲವಾಗಿದ್ದರೆ ಚಾಲಕ ಹೆಚ್ಚು ಒತ್ತುತ್ತಾನೆ, ಹಿಂದಿನದು ಮೊದಲು ಲಾಕ್ ಆಗುತ್ತದೆ. ಹಿಂದಕ್ಕೆ ಹೋಗುವ ಒತ್ತಡವನ್ನು ತಗ್ಗಿಸುವ ಕವಾಟ ಕೆಟ್ಟಿದ್ದರೂ ಇದೇ ಆಗುತ್ತದೆ. ಅದನ್ನು ಮನೆಯಲ್ಲಿ ಬಿಚ್ಚುವ ಸಾಹಸ ಬೇಡ, ಬದಲಿಸಿಕೊಳ್ಳಿ.

ಮರಳಿ ಜೋಡಿಸುವಾಗ

ಮೊದಲು ಕೇಬಲನ್ನು ಪೂರ್ತಿ ಸಡಿಲಿಸಿ, ಅಡ್ಜಸ್ಟರಿನಿಂದ ಶೂಗಳನ್ನು ಡ್ರಮ್ಮಿಗೆ ತಾಗುವವರೆಗೆ ತಂದು, ಚಕ್ರ ಬಿಡುವಷ್ಟು ಹಿಂದಕ್ಕೆ ಸರಿಸಬೇಕು. ಸಿಲಿಂಡರ್ ಅಥವಾ ಪೈಪ್ ಬಿಚ್ಚಿದ್ದರೆ ಬ್ಲೀಡಿಂಗ್ ಮಾಡಿ, ಅಂದರೆ ಒಳಗಿನ ಗಾಳಿಯನ್ನು ನಿಪ್ಪಲ್ಲಿನಿಂದ ಹೊರಹಾಕಿ, ಪೆಡಲನ್ನು ಹಲವು ಸಲ ಒತ್ತಿ ಶೂಗಳನ್ನು ನಡುವೆ ಕೂರಿಸಿದ ಬಳಿಕವೇ ಕೇಬಲನ್ನು ಹೊಂದಿಸಬೇಕು. ಈ ಕ್ರಮ ತಲೆಕೆಳಗಾದರೆ, ಬಿಗಿಯಾದ ಕೇಬಲ್ ಶೂಗಳನ್ನು ಸದಾ ಅರ್ಧ ತೆರೆದಿಟ್ಟು ಮತ್ತೆ ಎಳೆತ ಶುರುವಾಗುತ್ತದೆ. ಎಷ್ಟು ‘ಟಿಕ್’ ಸದ್ದಿಗೆ ಹ್ಯಾಂಡ್‌ಬ್ರೇಕ್ ಹಿಡಿಯಬೇಕು ಎಂಬುದನ್ನು ಕಾರಿನ ಕೈಪಿಡಿಯಲ್ಲಿ ನೋಡಿಕೊಂಡು ಹೊಂದಿಸಿ, ಕೊನೆಗೆ ಮೊದಲಿನಂತೆ ಐದಾರು ಕಿಲೋಮೀಟರ್ ಓಡಿಸಿ ಎರಡೂ ಡ್ರಮ್ಮುಗಳ ಬಿಸಿಯನ್ನು ಹೋಲಿಸಬೇಕು.

ವರ್ಷಕ್ಕೊಮ್ಮೆ ಈ ಡ್ರಮ್‌ಗಳನ್ನು ತೆರೆದು ನೋಡುವುದಿದ್ದರೆ ಮೇ ಕೊನೆಗೆ ಬರುವ ಪತ್ತನಾಜೆಯೊಳಗೆ ಮುಗಿಸುವುದು ಒಳ್ಳೆಯದು. ಮಳೆ ಹಿಡಿದ ಮೇಲೆ ಅಂಗಳದಲ್ಲಿ ಈ ಕೆಲಸ ಮಾಡಲಾಗುವುದಿಲ್ಲ. ಮಳೆಗಾಲದಲ್ಲಿ ಕಾರನ್ನು ದಿನಗಟ್ಟಲೆ ನಿಲ್ಲಿಸುವಾಗ, ನಿಲ್ಲಿಸುವ ಮೊದಲು ಮೆಲ್ಲನೆ ಓಡಿಸುತ್ತ ಬ್ರೇಕನ್ನು ನಾಲ್ಕೈದು ಸಲ ಹಗುರಾಗಿ ಒತ್ತಿ ಡ್ರಮ್ಮಿನ ನೀರನ್ನು ಆರಿಸಿ, ಸಮತಟ್ಟಾದ ಜಾಗದಲ್ಲಿ ಗೇರಿನಲ್ಲಿಟ್ಟು, ಚಕ್ರಗಳ ಎರಡೂ ಬದಿಗೆ ಮರದ ಅಡ್ಡೆ ಕೊಟ್ಟು, ಹ್ಯಾಂಡ್‌ಬ್ರೇಕನ್ನು ಇಳಿಸಿಯೇ ಬಿಡಬೇಕು. ಕದ್ರಿಯ ಗುಡ್ಡೆಯಂಥ ಇಳಿಜಾರಿನಲ್ಲಿ ಮನೆಯಿರುವವರು ಹ್ಯಾಂಡ್‌ಬ್ರೇಕ್ ಎಳೆಯಲೇಬೇಕಾಗುತ್ತದೆ. ಅವರು ಎರಡು ದಿನಕ್ಕೊಮ್ಮೆಯಾದರೂ ಕಾರನ್ನು ಹೊರತೆಗೆದು ರಸ್ತೆಯ ತುದಿಯವರೆಗೆ ಓಡಿಸಿ ತರಲಿ.